ಡಿಸ್ಕೊ ತಾಳಕ್ಕೆ ಹತ್ತು ರಾಗ

ಈ ವಾರ ಪೂರ್ತಿ ಚರಣ್‌ಜಿತ್ ಸಿಂಗ್ ಅವರ ‘ಸಿಂಥಸೈಸಿಂಗ್: ಟೆನ್ ರಾಗಾಸ್ ಟು ಎ ಡಿಸ್ಕೊ ಬೀಟ್’ ಕೇಳುತ್ತಿದ್ದೇನೆ. 1982ರ ಎಲ್‌ಪಿ. ಆಗ ಯಾರೂ ಅಷ್ಟಾಗಿ ಗಮನಿಸಲಿಲ್ಲ. 2010ರಲ್ಲಿ ನೆದರ್‌ಲೆಂಡ್ಸ್‌ನ ಬಾಂಬೆ ಕನೆಕ್ಷನ್ ಅನ್ನೋ ಲೇಬಲ್ ಮತ್ತೆ ಹೊರತಂದ ಮೇಲೆ ಎಲ್ಲರೂ ಒಂದೇ ಮಾತು ಹಿಡಿದರು: ಷಿಕಾಗೊದ ಆಸಿಡ್ ಹೌಸ್ (ಎಲೆಕ್ಟ್ರಾನಿಕ್ ಡಾನ್ಸ್ ಸಂಗೀತದ ಒಂದು ಬಗೆ) ರೆಕಾರ್ಡ್ 1987ರಲ್ಲಿ ಬಂತು, ಅದಕ್ಕೂ ಐದು ವರ್ಷ ಮುಂಚೆಯೇ ಬಾಂಬೆಯಲ್ಲಿ ಒಬ್ಬರು ಅದನ್ನು ಮಾಡಿ ಮುಗಿಸಿದ್ದರು!

ಯಾರು ಮೊದಲು ಅನ್ನೋ ಚರ್ಚೆ ನನಗೆ ಬೇಡ. ಸಿಂಗ್ ಹಿಂದಿ ಸಿನಿಮಾ ಆರ್ಕೆಸ್ಟ್ರಾಗಳಲ್ಲಿ ಗಿಟಾರ್, ಕೀಬೋರ್ಡ್ ನುಡಿಸುತ್ತಿದ್ದವರು. ಆರ್.ಡಿ. ಬರ್ಮನ್ ಹಾಡುಗಳಿಗೂ ನುಡಿಸಿದ್ದಾರೆ. ಸಿನಿಮಾ ತುಂಬ ಡಿಸ್ಕೊ ಇದ್ದ ಕಾಲ, ಕೈಯಲ್ಲಿ ಸಂಗೀತ ನುಡಿಸುವ ಹೊಸ ಎಲೆಕ್ಟ್ರಾನಿಕ್ ಮಷೀನ್‌ಗಳಿದ್ದವು, ರಾಗ ಗೊತ್ತಿತ್ತು. ಮೂರನ್ನೂ ಸೇರಿಸಿದರು, ಅಷ್ಟೇ.

ನನ್ನನ್ನು ಹಿಡಿದು ಕೂರಿಸುವುದು ಆ ಮಷೀನ್‌ಗಳೇ. ಮೂರೂ ರೋಲ್ಯಾಂಡ್ ಕಂಪನಿಯವು. ತಾಳಕ್ಕೆ ಟಿಆರ್-808, ರಾಗದ ಎಳೆಗೆ ಜೂಪಿಟರ್-8, ಕೆಳಗಿನ ಸ್ವರಗಳಿಗೆ ಟಿಬಿ-303. ಈ 303 ಇದೆಯಲ್ಲ, ಅದು ಒಂಟಿ ಗಿಟಾರ್ ವಾದಕರಿಗೆ ಬೇಸ್ ಜೊತೆ ಕೊಡಲಿ ಅಂತ ಮಾಡಿದ ಪುಟ್ಟ ಪೆಟ್ಟಿಗೆ, ಆದರೆ ನಿಜವಾದ ಬೇಸ್ ಗಿಟಾರ್ ಥರ ಕೇಳಿಸದೆ ಮಾರಾಟವಾಗದೆ 1984ರ ಹೊತ್ತಿಗೆ ತಯಾರಿಕೆಯೇ ನಿಂತುಹೋಯಿತು. ಅದರಲ್ಲಿ ‘ಸ್ಲೈಡ್’ ಅಂತ ಒಂದು ಸೌಲಭ್ಯ ಇದೆ. ಒಂದು ಸ್ವರ ಇನ್ನೊಂದಕ್ಕೆ ಕಡಿಯದೆ ಜಾರುತ್ತದೆ. ಮೀಂಡ್, ಅಂದರೆ ಹಿಂದೂಸ್ತಾನಿಯಲ್ಲಿ ಸ್ವರದಿಂದ ಸ್ವರಕ್ಕೆ ಜಾರುವುದನ್ನು, ಕೇಳಿ ಬೆಳೆದ ಕಿವಿಗೆ ಆ ಜಾರು ಹೊಸದೇ ಅಲ್ಲ, ಅಲ್ವಾ? ಬೇರೆಯವರಿಗೆ ವಿಚಿತ್ರವಾಗಿ ಕೇಳಿಸಿದ್ದು ಇಲ್ಲಿ ಸಹಜವಾಗಿ ಕೂತುಬಿಟ್ಟಿದೆ.

ಕೊರತೆಯೂ ಇದೆ. ಆಲಾಪಕ್ಕೆ ಜಾಗ ಇಲ್ಲ. ಹತ್ತೂ ರಾಗ ಸುಮಾರು ಐದೈದು ನಿಮಿಷ, ಡ್ರಮ್ ಒಂದೇ ಸಮ ಹೊಡೆಯುತ್ತಲೇ ಇರುತ್ತದೆ. ಮೇಘ್ ಮಲ್ಹಾರಕ್ಕೆ ಸ್ವಲ್ಪ ಉಸಿರಾಡಲು ಬಿಟ್ಟಿದ್ದರೆ ಅಂತ ಪ್ರತಿ ಸಲವೂ ಅನ್ನಿಸುತ್ತದೆ. ಆದರೂ ರಾಗ ಕಳೆದುಹೋಗುವುದಿಲ್ಲ, ಅದೇ ನನಗೆ ದೊಡ್ಡ ವಿಷಯ.

ಈ ಮರುಬಿಡುಗಡೆಯಿಂದ ನಿಜವಾಗಿ ಒಳ್ಳೆಯದಾದದ್ದು ಸಿಂಗ್ ಅವರಿಗೆ. 70 ದಾಟಿದ ಮೇಲೆ ಯುರೋಪಿನ ವೇದಿಕೆಗಳಲ್ಲಿ ಇದನ್ನೇ ನುಡಿಸಿದರು, ಯುವಕರು ಕುಣಿದರು. 2015ರಲ್ಲಿ ತೀರಿಕೊಂಡರು. ಬದುಕಿದ್ದಾಗಲೇ ಈ ಮನ್ನಣೆ ಸಿಕ್ಕಿತಲ್ಲ ಅಂತ ತುಂಬ ಖುಷಿ ನನಗೆ.

ಕರ್ನಾಟಕ ಸಂಗೀತ ಕೇಳುವವರು ಭೂಪಾಲಿಯಿಂದ ಶುರು ಮಾಡಿ, ಅದು ನಮ್ಮ ಮೋಹನ. ಆಮೇಲೆ ಮಾಲ್ಕೌಂಸ್, ಅಂದರೆ ಹಿಂದೋಳ. ಒಳ್ಳೆಯ ಹೆಡ್‌ಫೋನ್ ಹಾಕಿಕೊಳ್ಳಿ, ಫೋನ್ ಸ್ಪೀಕರಿನಲ್ಲಿ 303 ಕೇಳಿಸುವುದೇ ಇಲ್ಲ.