ಡಿಸೆಂಬರ್ ಎರಡಕ್ಕೇ ಮುಗಿಯುವ ಕ್ರಿಸ್ಮಸ್

ಬೈಬಲ್ಲಿನಲ್ಲಿ ಯೇಸುವಿನ ಜೀವನ ಹೇಳುವ ನಾಲ್ಕು ಪುಸ್ತಕಗಳಲ್ಲಿ ಒಂದಾದ ಲೂಕನ ಸುವಾರ್ತೆಯಲ್ಲಿ 24 ಅಧ್ಯಾಯಗಳಿವೆ. ಡಿಸೆಂಬರ್ 1ರಿಂದ ದಿನಕ್ಕೊಂದರಂತೆ ಓದುತ್ತ ಹೋದರೆ ಕ್ರಿಸ್ಮಸ್ ಹಿಂದಿನ ರಾತ್ರಿಗೆ ಸರಿಯಾಗಿ ಮುಗಿಯುತ್ತದೆ. ಹಲವರು ಪಾಲಿಸುವ ರೂಢಿ ಇದು. ಆದರೆ ಶುರು ಮಾಡಿದವರಲ್ಲಿ ಎಷ್ಟೋ ಜನ ಎಡವುವುದು ಮೊದಲ ದಿನವೇ. ಒಂದನೇ ಅಧ್ಯಾಯದಲ್ಲಿ 80 ವಚನಗಳು. ಬೈಬಲ್ಲಿನ ಎರಡನೇ ಭಾಗವಾದ ಹೊಸ ಒಡಂಬಡಿಕೆಯಲ್ಲಿ ಇಷ್ಟು ವಚನಗಳ ಅಧ್ಯಾಯ ಇನ್ನೊಂದಿಲ್ಲ. ನವೆಂಬರ್ 30ರ ಸಂಜೆಯೇ 38ನೇ ವಚನದವರೆಗೆ, ಅಂದರೆ ಯೇಸುವಿನ ತಾಯಿ ಮರಿಯಳು ದೇವದೂತನಿಗೆ ಒಪ್ಪಿಗೆ ಕೊಡುವವರೆಗೆ ಓದಿಟ್ಟುಕೊಂಡರೆ ಮರುದಿನ ಹಗುರಾಗುತ್ತದೆ. ಉಳಿದ ಭಾಗದಲ್ಲಿ ಮರಿಯಳ ಹಾಡೂ ಇದೆ, ಸ್ನಾನಿಕ ಯೋಹಾನನ ತಂದೆ ಜಕರೀಯನ ಹಾಡೂ ಇದೆ. ಎರಡನ್ನೂ ಗಟ್ಟಿಯಾಗಿಯೇ ಓದಬೇಕು. ಹಾಡನ್ನು ಬರೀ ಕಣ್ಣಲ್ಲಿ ಓದಿ ಏನು ಬಂತು?

ನಡುವೆ ದಿನ ತಪ್ಪುವುದು ಸಹಜ. ಅದನ್ನು ಮರುದಿನವೇ ತುಂಬಲು ಹೋದರೆ 8, 9ನೇ ಅಧ್ಯಾಯಗಳಂಥ ಕಡೆ ಸುಸ್ತಾಗುತ್ತದೆ. 13ರಿಂದ 17ರವರೆಗಿನವು ಚಿಕ್ಕವು, ಯಾವುದೂ 37 ವಚನ ಮೀರುವುದಿಲ್ಲ. ಬಾಕಿ ತೀರಿಸುವುದು ಅಲ್ಲಿ.

ಎರಡನೇ ದಿನಕ್ಕೇ ಗೋದಲಿ, ಕುರುಬರು, ದೂತರ ಸ್ತುತಿ ಎಲ್ಲ ಮುಗಿದುಹೋಗುತ್ತದೆ. ಹಬ್ಬಕ್ಕೆ ಇನ್ನೂ ಮೂರು ವಾರವಿದೆ, ಪುಸ್ತಕದಲ್ಲಿ ಕ್ರಿಸ್ಮಸ್ಸೇ ಇಲ್ಲ! ಈ ಓದಿನ ಬೆಲೆ ನನ್ನ ಮಟ್ಟಿಗೆ ಇಲ್ಲೇ ಇರುವುದು. ಮನೆಯಲ್ಲಿ ನಕ್ಷತ್ರ ಕಟ್ಟುವ, ಗೋದಲಿ ಜೋಡಿಸುವ ದಿನಗಳಲ್ಲಿ ಪುಟದ ಮೇಲೆ ಬಂಧನ, ವಿಚಾರಣೆ ನಡೆಯುತ್ತಿರುತ್ತವೆ. 23ನೇ ತಾರೀಖಿಗೆ ಶಿಲುಬೆ. ಬಹಳ ಜನ ಇಲ್ಲಿ ಕೈಬಿಡುತ್ತಾರೆ, ಹಬ್ಬದ ಹೊತ್ತಿಗೆ ಇದೆಂಥ ಓದು ಎಂದು. ಬಿಡಬಾರದು. ಎರಡನೇ ಅಧ್ಯಾಯದ 7ನೇ ವಚನದಲ್ಲಿ (2:7) ಮಗುವನ್ನು ಬಟ್ಟೆಯಲ್ಲಿ ಸುತ್ತಿ ಗೋದಲಿಯಲ್ಲಿ ಮಲಗಿಸುತ್ತಾರೆ; 23:53ರಲ್ಲಿ ದೇಹವನ್ನು ನಾರುಬಟ್ಟೆಯಲ್ಲಿ ಸುತ್ತಿ ಸಮಾಧಿಯಲ್ಲಿ ಇಡುತ್ತಾರೆ. ಮೂರೇ ವಾರದ ಅಂತರದಲ್ಲಿ ಓದಿದಾಗ ಈ ಎರಡು ವಾಕ್ಯ ಒಂದಕ್ಕೊಂದು ತಾಗುತ್ತವೆ. ಒಂದನ್ನು ಡಿಸೆಂಬರಿನಲ್ಲಿ, ಇನ್ನೊಂದನ್ನು ಶುಭ ಶುಕ್ರವಾರ ಕೇಳಿದರೆ ತಾಗುವುದು ಕಷ್ಟ.

ಹಬ್ಬದ ನೆನಪು ಬರೆಯುವವರಿಗೂ ಇದು ಒಳ್ಳೆಯ ಸಾಣೆ. ಗೋದಲಿಯ ಪಕ್ಕದ ಹಸು, ಕತ್ತೆ ಲೂಕನಲ್ಲಿಲ್ಲ, ಇನ್ನೊಂದು ಸುವಾರ್ತೆಯ ಮತ್ತಾಯನಲ್ಲೂ ಇಲ್ಲ. ನಕ್ಷತ್ರವೂ, ಅದನ್ನು ಕಂಡು ಮಗುವನ್ನು ಹುಡುಕಿ ಬಂದ ಜೋಯಿಸರೂ ಮತ್ತಾಯನಲ್ಲಿ ಮಾತ್ರ. ಅವರು ಮೂವರೆಂದು ಅವನು ಹೇಳುವುದಿಲ್ಲ, ಕಾಣಿಕೆ ಮೂರೆಂದು ನಾವು ಎಣಿಸಿಕೊಂಡದ್ದು. ಬಾಲ್ಯದ ಕ್ರಿಸ್ಮಸ್ ನೆನಪುಗಳೂ ಹೀಗೇ ಬೆಳೆದಿರುತ್ತವೆ. ಬರೆಯುವ ಮುಂಚೆ ಪ್ರತಿ ನೆನಪಿನ ಮುಂದೆ ಒಂದು ಗುರುತು ಹಾಕಿಕೊಳ್ಳಬೇಕು: ಕಂಡದ್ದೋ, ಯಾರೋ ಹೇಳಿದ್ದೋ, ಫೋಟೋದಿಂದ ಬಂದದ್ದೋ. ಫೋಟೋದಿಂದ ಬಂದದ್ದರಲ್ಲಿ ಸಾಮಾನ್ಯವಾಗಿ ವಾಸನೆ, ಸದ್ದು ಇರುವುದಿಲ್ಲ. ಗುರುತು ಹಿಡಿಯಲು ಅಷ್ಟು ಸಾಕು. ಹಾಗೆಂದು ಅದನ್ನು ಹೊಡೆದುಹಾಕಬೇಕಿಲ್ಲ, ಫೋಟೋದಲ್ಲಿ ಕಂಡದ್ದೆಂದೇ ಬರೆದರಾಯಿತು.

ಟಿಪ್ಪಣಿಗೆ ಪೆನ್ಸಿಲ್ಲೇ ಸರಿ. ಸತ್ಯವೇದದ, ಅಂದರೆ ಬೈಬಲ್ಲಿನ, ಕಾಗದ ತೆಳು, ಜೆಲ್ ಪೆನ್ನಿನ ಶಾಯಿ ಹಿಂದಿನ ಪುಟಕ್ಕೆ ಇಳಿಯುತ್ತದೆ. ಅಂಚಿನಲ್ಲಿ ಇಸವಿಯೂ ಇರಲಿ, ಮುಂದಿನ ವರ್ಷದ ಟಿಪ್ಪಣಿ ಅದರ ಕೆಳಗೇ ಬರುತ್ತದೆ.

ಜೋಯಿಸರಿಗಾಗಿ ಕಾದವರು ಹಬ್ಬ ಕಳೆದ ಮೇಲೆ ಮತ್ತಾಯನ ಮೊದಲ ಎರಡು ಅಧ್ಯಾಯ ತೆಗೆಯಬಹುದು. ಒಟ್ಟು 48 ವಚನ, ಜೋಯಿಸರ ಭೇಟಿಯನ್ನು ನೆನೆಯುವ ಜನವರಿ 6ರೊಳಗೆ ಯಾವಾಗ ಓದಿದರೂ ನಡೆಯುತ್ತದೆ. ಮೊದಲಿಗೇ ಬರುವ ಯೇಸುವಿನ ವಂಶಾವಳಿಯನ್ನು ಹಾರಿಸಬೇಡಿ, ಗಂಡಸರ ಹೆಸರುಗಳ ಆ ಸಾಲಿನೊಳಗೆ ತಾಮಾರಳೂ ರೂತಳೂ ಇದ್ದಾರೆ.