ಪ್ಯಾಲೆಟ್ ಲೆಕ್ಕದ ಶೀಟು, ನಾಲ್ಕನೇ ವಾರ: 45 ಇದ್ದದ್ದು 10ಕ್ಕೆ ಇಳಿಯಿತು

ಒಂದು ಕೋಣೆಯಲ್ಲಿ ಎಷ್ಟು ಪ್ಯಾಲೆಟ್ (ಪೆಟ್ಟಿಗೆ ಪೇರಿಸೋಕೆ ಅಡಿಯಲ್ಲಿಡುವ ಮರದ ಹಲಗೆಯ ಚೌಕಟ್ಟು) ಹಿಡಿಯುತ್ತದೆ ಅಂತ ಲೆಕ್ಕ ಹಾಕೋ ಕಂಪ್ಯೂಟರ್ ಶೀಟು ಹೋದ ವಾರವೇ ಮುಗಿಯಿತು ಅಂದುಕೊಂಡಿದ್ದೆ. ಎಲ್ಲಿ ಮುಗೀತು!

ಕೋಣೆ 6 × 5 ಮೀಟರ್, ಎತ್ತರ 3, ಅಂದರೆ 90 ಘನ ಮೀಟರ್. ಸರಕು ಹೇರಿದ ಒಂದು ಪ್ಯಾಲೆಟ್ 1.2 × 1 × 1.65, ಅಂದರೆ 1.98. ಭಾಗಿಸಿದರೆ 45. ನಾನೂ ನಂಬಿಬಿಟ್ಟಿದ್ದೆ. ಆಮೇಲೆ ಸುಮ್ನೆ ನೆಲದ ಮೇಲೆ ಚಾಕ್‌ಪೀಸಿನಲ್ಲಿ ಗೆರೆ ಎಳೆದು ನೋಡಿದೆ. 6 ಮೀಟರಿನ ಎರಡು ಗೋಡೆಗೆ ಐದೈದು, ನಡುವೆ ಗಾಡಿ ಓಡಾಡೋಕೆ 2.6 ಮೀಟರ್ ದಾರಿ. ಆರಾರು ಇಡಬಹುದಲ್ವಾ ಅಂದರೆ, ಇಡಬಹುದು, ಆದರೆ ಒಂದು ಬೆರಳು ತೂರಿಸೋಕೂ ಸಂದಿ ಉಳಿಯುವುದಿಲ್ಲ. ಒಂದರ ಮೇಲೊಂದು ಇಡೋಣ ಅಂದರೆ ಎರಡು ಸೇರಿ 3.3 ಮೀಟರ್, ಸೂರು ಇರೋದು 3ಕ್ಕೆ. ಹಾಗಾಗಿ ಹತ್ತೇ ಹತ್ತು.

ಘನ ಅಳತೆಯನ್ನು ಘನ ಅಳತೆಯಿಂದ ಭಾಗಿಸುವ ಸೂತ್ರವನ್ನು ಅಲ್ಲಿಗೇ ಅಳಿಸಿ ಹಾಕಿದೆ. ಈಗ ಉದ್ದ, ಅಗಲ, ಎತ್ತರ ಮೂರನ್ನೂ ಬೇರೆ ಬೇರೆ ಭಾಗಿಸಿ, ದಶಮಾಂಶ ಕತ್ತರಿಸಿ, ಆಮೇಲೆ ಗುಣಿಸುತ್ತೇನೆ.

ಇದರಲ್ಲೂ ಒಂದು ಕೊಕ್ಕೆ ಇದೆ. ನನ್ನ ಪೆಟ್ಟಿಗೆ 400 × 300 × 250 ಮಿಲಿಮೀಟರ್. 1200 × 1000 ಪ್ಯಾಲೆಟ್ ಮೇಲೆ ಒಂದೇ ದಿಕ್ಕಿಗೆ ಜೋಡಿಸಿದರೆ ಒಂದು ವರಸೆಗೆ, ಅಂದರೆ ಒಂದು ಪದರಕ್ಕೆ, 9, ತಿರುಗಿಸಿದರೆ 8. ಆದರೆ ಮೂರು ಮೂರರ ಎರಡು ಸಾಲು ಇಟ್ಟು, ಉಳಿದ 400ರ ಪಟ್ಟಿಯಲ್ಲಿ ನಾಲ್ಕನ್ನು ಅಡ್ಡ ತಿರುಗಿಸಿದರೆ ಸರಿಯಾಗಿ 10. ಇದನ್ನು ಶೀಟಿಗೆ ಹೇಳಿಕೊಡೋಕೆ ಎರಡು ಸಂಜೆ ಹೋಯಿತು.

ಖುಷಿಯಾದದ್ದು ಎತ್ತರದ ಲೆಕ್ಕದಲ್ಲಿ. ಪ್ಯಾಲೆಟ್ಟಿನ ಮರದ ಎತ್ತರವನ್ನು ಮೊದಲು ಸೇರಿಸಿಯೇ ಇರಲಿಲ್ಲ. ಯೂರೋ ಪ್ಯಾಲೆಟ್ (ಯುರೋಪಿನ ನಿಗದಿತ ಅಳತೆಯದ್ದು) ಆದರೆ 144 ಮಿಲಿಮೀಟರ್, ನನ್ನದು ಟೇಪು ಹಿಡಿದರೆ 150. ಆರು ವರಸೆ ಹೇರಿದರೆ 1650. ಒಂದೇ ಒಂದು ವರಸೆ ಕಮ್ಮಿ ಮಾಡಿದರೆ 1400, ಎರಡು ಸೇರಿ 2800, ಸೂರಿನ ಕೆಳಗೆ ಇನ್ನೂ 200 ಉಳಿಯುತ್ತದೆ, ಎತ್ತಿ ಇಳಿಸೋಕೆ ಅಷ್ಟು ಬೇಕೇ ಬೇಕು. ಒಂದು ಪ್ಯಾಲೆಟ್ಟಿನಲ್ಲಿ 60ರ ಬದಲು 50 ಪೆಟ್ಟಿಗೆ, ಆದರೆ ಹತ್ತರ ಬದಲು ಇಪ್ಪತ್ತು ಪ್ಯಾಲೆಟ್ ಹಿಡಿಯೋದರಿಂದ ಕೋಣೆಯಲ್ಲಿ 600ರ ಬದಲು 1000! ಕಮ್ಮಿ ಹೇರಿದರೆ ಜಾಸ್ತಿ ಹಿಡಿಯುತ್ತದೆ ಅಂತ ಬಾಯಲ್ಲಿ ಹೇಳಿದ್ದರೆ ನಾನೇ ನಂಬುತ್ತಿರಲಿಲ್ಲ.

ಇನ್ನು ಉಳಿದಿರೋದು ತೂಕದ ಕಾಲಂ. ಪೆಟ್ಟಿಗೆ 9 ಕಿಲೋ, ಮರ 25. ಎರಡು ಪ್ಯಾಲೆಟ್ ಪೇರಿಸಿದರೆ ತೀರಾ ಕೆಳಗಿನ ಒಂದೊಂದು ಪೆಟ್ಟಿಗೆ ಮೇಲೂ 83.5 ಕಿಲೋ ಬೀಳುತ್ತದೆ. ಇಟ್ಟಿಗೆ ಗೋಡೆಯ ಹಾಗೆ ವರಸೆ ವರಸೆಗೂ ತಿರುಗಿಸಿದರೆ ಅಲ್ಲಾಡದೆ ನಿಲ್ಲುತ್ತದೆ, ನಿಜ. ಆದರೆ ರಟ್ಟಿನ ಪೆಟ್ಟಿಗೆಯ ಬಲ ಇರೋದು ಮೂಲೆಗಳಲ್ಲಿ, ಮೂಲೆ ಮೇಲೆ ಮೂಲೆ ಕೂರದಿದ್ದರೆ ಬೇಗ ಕುಸಿಯುತ್ತದೆ. ಅದಕ್ಕೇ ಎಲ್ಲ ವರಸೆಯೂ ಒಂದೇ ನಮೂನೆ, ಸುತ್ತ ಪ್ಲಾಸ್ಟಿಕ್ ಹಾಳೆ.

ಸದ್ಯಕ್ಕೆ ಒಂದು ಪೆಟ್ಟಿಗೆ ಮೇಲೆ ಹಲಗೆ ಇಟ್ಟು 84 ಕಿಲೋ ಹೇರಿ ಬಿಟ್ಟಿದ್ದೇನೆ. ಮೂರು ದಿನ ಆಯಿತು. ಒಂದು ಬದಿ 4 ಮಿಲಿಮೀಟರ್ ಉಬ್ಬಿದೆ.