ಕ್ರೂಸರ್ ಬೈಕಿಗೆ ಹೊಸ ಹ್ಯಾಂಡಲ್: ಮೊದಲು ಕೇಬಲ್ ಲೆಕ್ಕ ಹಾಕಿ

ಮೀಟಿಯಾರ್ ಇರಲಿ, ಅವೆಂಜರ್ ಇರಲಿ, ಬೈಕಿನ ಅಂದ ಬದಲಿಸಬೇಕು ಅನ್ನುವವರು ಮೊದಲು ಕೈ ಹಾಕುವುದು ಹ್ಯಾಂಡಲ್‌ಗೆ. ಬಿಡಿಭಾಗ ಕೊಳ್ಳಲು ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗುವ ಮುಂಚೆ ಹಳೆಯ ಹ್ಯಾಂಡಲ್‌ನ ದಪ್ಪವನ್ನು ವರ್ನಿಯರ್‌ನಲ್ಲಿ ಎರಡು ಕಡೆ ಅಳೆದುಕೊಳ್ಳಿ: ಕ್ಲ್ಯಾಂಪ್ ಹಿಡಿಯುವ ನಡುಭಾಗ, ಗ್ರಿಪ್ ಕೂರುವ ತುದಿ. ತುದಿ 22 ಮಿ.ಮೀ. ಇರುವ ಬೈಕಿಗೆ 25.4 ಮಿ.ಮೀ. ತುದಿಯ ಹ್ಯಾಂಡಲ್ ತಂದರೆ ಸ್ವಿಚ್, ಲಿವರ್ ಹೋಲ್ಡರ್ ಯಾವುದೂ ಕೂರುವುದಿಲ್ಲ.

ಆಮೇಲೆ ಎತ್ತರ. ಬೈಕಿನ ಜೊತೆ ಬಂದ ಕೇಬಲ್‌ಗಳು ಸಾಮಾನ್ಯವಾಗಿ ಒಂದೆರಡು ಇಂಚು ಏರಿಕೆಯನ್ನಷ್ಟೇ ತಡೆದುಕೊಳ್ಳುತ್ತವೆ. ಅದಕ್ಕಿಂತ ಎತ್ತರ ಬೇಕಿದ್ದರೆ ಕ್ಲಚ್ ಕೇಬಲ್, ಎಕ್ಸಲರೇಟರ್ ಕೇಬಲ್, ಮುಂದಿನ ಬ್ರೇಕ್ ಹೋಸ್ ಮೂರೂ ಉದ್ದದ್ದು ಬೇಕು. ಆ ಖರ್ಚನ್ನೂ ಸೇರಿಸಿಯೇ ಹ್ಯಾಂಡಲ್ ಬೆಲೆ ಲೆಕ್ಕ ಹಾಕಿ.

ಬಿಚ್ಚುವಾಗ ಟ್ಯಾಂಕ್ ಮೇಲೆ ದಪ್ಪ ಬಟ್ಟೆ ಹಾಸಿ. ಡಾಟ್ 4 ಬ್ರೇಕ್ ಆಯಿಲ್ ತೊಟ್ಟು ಬಿದ್ದರೂ ಪೇಂಟ್ ತಿನ್ನುತ್ತದೆ. ಬ್ರೇಕ್ ಆಯಿಲ್ ಡಬ್ಬಿಯನ್ನು ತಲೆಕೆಳಗಾಗಿ ನೇತುಬಿಡಬೇಡಿ. ಗಾಳಿ ಸೇರಿ ಲಿವರ್ ಮೆತ್ತಗಾಗುತ್ತದೆ, ಮತ್ತೆ ಬ್ಲೀಡ್ ಮಾಡಿಸಬೇಕು, ಅಂದರೆ ಆ ಗಾಳಿಯನ್ನು ಹೊರಗೆ ತೆಗೆಸಬೇಕು.

ಸ್ವಿಚ್ ಡಬ್ಬಿಯ ಒಳಗೆ ಮೊಳೆಯ ತುದಿಯಂಥ ಚಿಕ್ಕ ಪಿನ್ ಇರುತ್ತದೆ. ಹಳೆಯ ಹ್ಯಾಂಡಲ್‌ನಲ್ಲಿ ಅದಕ್ಕೆ ತೂತಿದೆ, ಹೊಸದರಲ್ಲಿ ಎಷ್ಟೋ ಸಲ ಇರುವುದಿಲ್ಲ. ಆ ಪಿನ್ನನ್ನೇ ಕತ್ತರಿಸಿ ಕೂರಿಸುವವರಿದ್ದಾರೆ, ದಯವಿಟ್ಟು ಒಪ್ಪಬೇಡಿ. ಎಕ್ಸಲರೇಟರ್ ತಿರುಗಿಸಿದಾಗ ಡಬ್ಬಿಯೇ ಜೊತೆಗೆ ತಿರುಗಲು ಶುರುವಾಗುತ್ತದೆ. ಹ್ಯಾಂಡಲನ್ನು ಸಡಿಲವಾಗಿ ಕೂರಿಸಿ, ಸೀಟಿನ ಮೇಲೆ ಕೂತು ಮಣಿಕಟ್ಟು ನೇರ ಬರುವ ಕೋನ ನೋಡಿ, ಗುರುತು ಹಾಕಿ ಪಂಚ್ ಹೊಡೆದು, ಆಮೇಲೇ ಡ್ರಿಲ್ ಮಾಡಿ.

ಎಲ್ಲ ಬಿಗಿ ಮಾಡಿದ ಮೇಲೆ ಎಂಜಿನ್ ಐಡಲ್‌ನಲ್ಲಿಟ್ಟು ಹ್ಯಾಂಡಲನ್ನು ಎರಡೂ ಕೊನೆಗೆ ತಿರುಗಿಸಿ. ಸದ್ದು ಏರಿತೆಂದರೆ ಎಕ್ಸಲರೇಟರ್ ಕೇಬಲ್ ಎಳೆಯುತ್ತಿದೆ ಎಂದರ್ಥ. ಯೂ-ಟರ್ನ್‌ನಲ್ಲಿ ಬೈಕ್ ತಾನಾಗಿಯೇ ಮುಂದೆ ನುಗ್ಗುವುದು ಇದರಿಂದಲೇ. ಗ್ರಿಪ್‌ಗೂ ಟ್ಯಾಂಕ್‌ಗೂ ಎರಡು ಬೆರಳಿನ ಜಾಗ ಇಲ್ಲದಿದ್ದರೆ ಹೆಬ್ಬೆರಳು ಸಿಕ್ಕಿಕೊಳ್ಳುತ್ತದೆ. ಕ್ಲಚ್ ಲಿವರ್‌ನಲ್ಲಿ 2–3 ಮಿ.ಮೀ. ಪ್ಲೇ (ಸಡಿಲ) ಇರಲಿ. 100 ಕಿ.ಮೀ. ಓಡಿದ ಮೇಲೆ ಕ್ಲ್ಯಾಂಪ್ ಬೋಲ್ಟ್‌ಗಳನ್ನು ಇನ್ನೊಮ್ಮೆ ಪರೀಕ್ಷಿಸಿ.

ಹೆಚ್ಚುವರಿ ಲೈಟ್ ಬೇಕಾದವರು ಹೆಡ್‌ಲೈಟ್ ವೈರ್ ಸುಲಿದು ಸೇರಿಸಬೇಡಿ. 20 ವ್ಯಾಟ್‌ನ ಎರಡು ಲೈಟ್ 12 ವೋಲ್ಟ್‌ನಲ್ಲಿ ಎಳೆಯುವುದು ಸುಮಾರು 3.3 ಆಂಪಿಯರ್, 5 ಆಂಪಿಯರ್ ಫ್ಯೂಸ್ ಸಾಕು. ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಆನ್-ಆಫ್ ಮಾಡುವ ಸ್ವಿಚ್) ಹಾಕಿಸಿ, ಅದರ ಪಿನ್‌ಗಳ ಮೇಲೆ ಸಂಖ್ಯೆ ಇರುತ್ತದೆ: ಬ್ಯಾಟರಿಯಿಂದ ಫ್ಯೂಸ್ ದಾಟಿ 30ಕ್ಕೆ, 87ರಿಂದ ಲೈಟಿಗೆ, ಇಗ್ನಿಷನ್ ವೈರ್ ಸ್ವಿಚ್ ಮೂಲಕ 86ಕ್ಕೆ, 85 ಅರ್ತ್‌ಗೆ. ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ ಇರಲಿ.

ಸೈಲೆನ್ಸರ್ ಮುಟ್ಟದಿರುವುದೇ ಒಳ್ಳೆಯದು. ಅಕ್ಕಪಕ್ಕದ ಮನೆಯವರ ನಿದ್ದೆಗೂ ಬೆಲೆ ಇದೆ. ಕಾಯ್ದೆ ಒಪ್ಪದ ಬದಲಾವಣೆಗೆ ಮೋಟಾರು ವಾಹನ ಕಾಯ್ದೆಯ 182ಎ(4) ಪ್ರಕಾರ ಒಂದೊಂದಕ್ಕೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಹ್ಯಾಂಡಲ್ ವಿಷಯದಲ್ಲೂ ಆರ್‌ಟಿಒದಲ್ಲಿ ಮೊದಲೇ ಕೇಳಿಕೊಳ್ಳಿ. ಟ್ಯಾಂಕ್‌ಗೆ ಬೇರೆ ಬಣ್ಣ ಹೊಡೆಸಿದರೆ ಆರ್‌ಸಿಯಲ್ಲೂ ಆ ಬಣ್ಣ ಬರೆಸಿಕೊಳ್ಳಬೇಕು.